ಸಾವಿನ ಕಥೆ ಸಾಕು, ಟಾಮ್ ಥಾಮ್ಸನ್ ಬರೆದ ಹಲಗೆಗಳ ಬಗ್ಗೆ ಮಾತಾಡೋಣ

ಇದ್ದಿಲುಗೆರೆ

ಕೆನಡಾದ ಚಿತ್ರಕಾರ ಟಾಮ್ ಥಾಮ್ಸನ್ ಬಗ್ಗೆ ಎಲ್ಲಿ ಮಾತು ಶುರುವಾದರೂ ಹತ್ತು ನಿಮಿಷದಲ್ಲಿ ಅದು ಅವನು ಸತ್ತ ಕನೂ ಲೇಕ್‌ ಕೆರೆಯ ತಳ ಸೇರಿಬಿಡುತ್ತದೆ. ಯಾರು ಹೊಡೆದರು, ಯಾಕೆ ಹೊಡೆದರು, ಹೂತದ್ದು ಎಲ್ಲಿ. ಅವನು ಸತ್ತು ನೂರು ವರ್ಷ ದಾಟಿತು, ಜನರ ಪೋಸ್ಟ್‌ಮಾರ್ಟಂ ಮಾತ್ರ ಇನ್ನೂ ಮುಗಿದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಇಲ್ಲಿ ಚಿತ್ರದ ಮಾತು ಮಾತ್ರ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1877ರಲ್ಲಿ ಕೆನಡಾದ ಒಂಟಾರಿಯೊದಲ್ಲಿ, ಕ್ಲೇರ್‌ಮಾಂಟ್ ಅನ್ನುವ ಊರಲ್ಲಿ ಹುಟ್ಟಿದ. ಹತ್ತು ಮಕ್ಕಳಲ್ಲಿ ಆರನೆಯವನು. ಬೆಳೆದದ್ದು ಜಾರ್ಜಿಯನ್ ಬೇ ದಂಡೆಯ ಲೀತ್‌ನಲ್ಲಿ, ಹೊಲದ ಮನೆಯಲ್ಲಿ. ಹರೆಯದಲ್ಲಿ ಯಾವುದಕ್ಕೂ ನೆಟ್ಟಗೆ ಅಂಟಿಕೊಂಡವನಲ್ಲ. ಫೌಂಡ್ರಿಗೆ ಕೆಲಸ ಕಲಿಯಲು ಸೇರಿದ, ವರ್ಷ ತುಂಬುವ ಮೊದಲೇ ಬಿಟ್ಟ. ಬೋಯರ್ ಯುದ್ಧಕ್ಕೆ ಹೋಗುತ್ತೇನೆ ಅಂದ, ಸೇರಿಸಿಕೊಳ್ಳಲಿಲ್ಲ. ಬಿಸಿನೆಸ್ ಕಾಲೇಜಿಗೆ ಹೋದ. ಅಣ್ಣನ ಹಿಂದೆ ಅಮೆರಿಕದ ಸಿಯಾಟಲ್‌ಗೆ ಹೋಗಿ ಅಲ್ಲಿ ಅಕ್ಷರ ಬರೆಯುವುದು, ಜಾಹೀರಾತಿಗೆ ಚಿತ್ರ ಮಾಡುವುದು ಕಲಿತ. ಆಮೇಲೆ ಟೊರಾಂಟೊಗೆ ಬಂದು ಗ್ರಿಪ್ ಅನ್ನುವ ಕಮರ್ಷಿಯಲ್ ಆರ್ಟ್ ಕಂಪನಿ ಸೇರಿದ. ಅಷ್ಟು ಹೊತ್ತಿಗೆ ವಯಸ್ಸು ಮೂವತ್ತು ದಾಟಿತ್ತು. ಕಲಾವಿದ ಅಂತ ಹೇಳಿಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ.

1912ರ ಮೇ ತಿಂಗಳಲ್ಲಿ ಮೊದಲ ಸಲ ಒಂಟಾರಿಯೊದ ದೊಡ್ಡ ಸಂರಕ್ಷಿತ ಕಾಡು ಅಲ್ಗಾಂಕ್ವಿನ್ ಪಾರ್ಕ್‌ಗೆ ಹೋದ. 1917ರ ಜುಲೈ 8ಕ್ಕೆ ಅಲ್ಲೇ ಕನೂ ಲೇಕ್‌ನಲ್ಲಿ ಕಾಣೆಯಾದ. 16ಕ್ಕೆ ದೇಹ ಸಿಕ್ಕಿತು. ನಲವತ್ತು ತುಂಬಿರಲಿಲ್ಲ. ಅಂದರೆ ನಾವು ಇಷ್ಟೆಲ್ಲ ಮಾತಾಡುವ ಥಾಮ್ಸನ್‌ನ ಚಿತ್ರಬದುಕು ಬರೀ ಐದು ವರ್ಷ, ಒಂದೆರಡು ತಿಂಗಳು. ಅಷ್ಟರಲ್ಲಿ ಸುಮಾರು 400 ಸಣ್ಣ ಎಣ್ಣೆಬಣ್ಣದ ಸ್ಕೆಚ್, ಸುಮಾರು 50 ಕ್ಯಾನ್ವಾಸ್.

ಆ ಸ್ಕೆಚ್‌ಗಳು ಎಷ್ಟು ದೊಡ್ಡವು ಗೊತ್ತಾ? ಹೆಚ್ಚಿನವು 21 ಸೆಂಟಿಮೀಟರ್ ಎತ್ತರ, 27 ಸೆಂಟಿಮೀಟರ್ ಅಗಲ. ಎ4 ಹಾಳೆಯನ್ನು ಅಡ್ಡ ಇಟ್ಟರೆ ಅದಕ್ಕಿಂತ ಸ್ವಲ್ಪ ಚಿಕ್ಕದು. ತೆಳು ಮರದ ಹಲಗೆ. ಪೋಸ್ಟರ್‌ಗಳಲ್ಲಿ, ಕ್ಯಾಲೆಂಡರ್‌ಗಳಲ್ಲಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ನನ್ನ ಮಾತು ಇಷ್ಟೇ. ಜಗತ್ತು ಹೊಗಳುವುದು ಅವನ ಎರಡು ದೊಡ್ಡ ಕ್ಯಾನ್ವಾಸ್‌ಗಳನ್ನು, ದಿ ಜ್ಯಾಕ್ ಪೈನ್ ಮತ್ತು ದಿ ವೆಸ್ಟ್ ವಿಂಡ್. ನಿಜವಾದ ಥಾಮ್ಸನ್ ಇರುವುದು ಈ ಪುಟ್ಟ ಹಲಗೆಗಳಲ್ಲಿ. ಒಪ್ಪದವರು ಜಗಳಕ್ಕೆ ಬನ್ನಿ.

ಹುಟ್ಟುಗೋಲು

ಬಂದೆ. ಆದರೆ ಮೊದಲು ಒಂದೇ ಒಂದು ಪ್ರಶ್ನೆ. ಕಾಲಿಗೆ ಮೀನು ಹಿಡಿಯುವ ದಾರ ಸುತ್ತಿತ್ತಂತಲ್ಲ, ಅದು ಹೇಗೆ?

ಇದ್ದಿಲುಗೆರೆ

ನೋಡಿ, ಹತ್ತು ನಿಮಿಷವೂ ಆಗಲಿಲ್ಲ!

ಒಂದು ಸಲ ಹೇಳಿ ಮುಗಿಸುತ್ತೇನೆ, ಆಮೇಲೆ ಕೇಳಬೇಡಿ. ಹಣೆಯ ಪಕ್ಕದಲ್ಲಿ ಪೆಟ್ಟಿನ ಗುರುತಿತ್ತು. ಕಾಲಿಗೆ ದಾರ ಸುತ್ತಿತ್ತು ಅನ್ನುವ ಹೇಳಿಕೆಯೂ ಇದೆ. ಬೇಸಿಗೆ, ದೇಹ ಎಂಟು ದಿನ ನೀರಲ್ಲಿತ್ತು, ಬೇಗ ಹೂತುಬಿಟ್ಟರು. ಕರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಬಂದದ್ದು ಹೂತ ಮೇಲೆ. ಆಕಸ್ಮಿಕವಾಗಿ ಮುಳುಗಿ ಸಾವು ಅಂತ ಬರೆದರು. ಕೆಲವೇ ದಿನಕ್ಕೆ ಮನೆಯವರು ಲೀತ್‌ಗೆ ತರಿಸಿ ಮತ್ತೆ ಹೂತರು. 1956ರಲ್ಲಿ ನಾಲ್ಕು ಜನ ಹೋಗಿ ಕೆರೆಯ ಪಕ್ಕದ ಹಳೆಯ ಗುಂಡಿ ಅಗೆದರು, ತೂತು ಬಿದ್ದ ತಲೆಬುರುಡೆ ಸಿಕ್ಕಿತು. ಪರೀಕ್ಷೆ ಮಾಡಿದವರು ಅದು ಒಬ್ಬ ಮೂಲನಿವಾಸಿ ಯುವಕನದು ಅಂದರು. ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ಅಲ್ಲಿಂದ ಮುಂದೆ ಎಲ್ಲವೂ ಊಹೆ. ಮುಗೀತು.

ಒಣಗದಬಣ್ಣ

ನಾನು ಹೊರಗೆ ಕೂತು ಚಿತ್ರ ಬರೆಯುವವಳು. ಹಾಗಾಗಿ ಈ ಹಲಗೆಗಳನ್ನು ನೋಡಿದರೆ ನನಗೆ ಮೊದಲು ಬರುವ ಯೋಚನೆ ಕಲೆಯದ್ದಲ್ಲ, ಸಾಮಾನು ಸಾಗಿಸುವುದರದ್ದು. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ಕಾಡಿನ ಮಧ್ಯೆ, ದೋಣಿಯಲ್ಲಿ, ಒಂದು ಕೆರೆಯಿಂದ ಇನ್ನೊಂದು ಕೆರೆಗೆ ದೋಣಿಯನ್ನೇ ತಲೆ ಮೇಲೆ ಹೊತ್ತು ನಡೆಯುವವನು ಹಸಿ ಚಿತ್ರವನ್ನು ಹೇಗೆ ಕಾಪಾಡಿದ?

ಉತ್ತರ ಅವನ ಸ್ಕೆಚ್ ಪೆಟ್ಟಿಗೆಯಲ್ಲಿದೆ. ಮರದ ಸಣ್ಣ ಪೆಟ್ಟಿಗೆ. ಮುಚ್ಚಳ ಎತ್ತಿ ನಿಲ್ಲಿಸಿದರೆ ಅದೇ ಈಸಲ್. ಕೆಳಗೆ ಪ್ಯಾಲೆಟ್ಟು. ಒಳಗೆ ಹಲಗೆಗಳು ಒಂದಕ್ಕೊಂದು ತಾಗದಂತೆ ಕೂರಿಸಲು ಕಂಡಿಗಳು. ತೊಡೆ ಮೇಲೆ ಇಟ್ಟುಕೊಂಡು ಬರೆಯಬಹುದು, ದೋಣಿಯಲ್ಲಿ ಕೂತೂ ಬರೆಯಬಹುದು. ಹಲಗೆಯ ಅಳತೆ ಯಾಕೆ ಅಷ್ಟೇ ಅಂದರೆ ಪೆಟ್ಟಿಗೆಗೆ ಹಿಡಿಸುವುದು ಅಷ್ಟೇ. ಅವನ ಶೈಲಿ ಅಂತ ನಾವು ಕರೆಯುವುದರಲ್ಲಿ ಅರ್ಧ ಈ ಪೆಟ್ಟಿಗೆಯ ಕೊಡುಗೆ ಅನ್ನುವುದು ನನ್ನ ಅಭಿಪ್ರಾಯ. ಅಷ್ಟು ಚಿಕ್ಕ ಜಾಗದಲ್ಲಿ ಎಲೆ ಎಲೆ ಬಿಡಿಸಲು ಆಗುವುದಿಲ್ಲ. ಒಂದು ಬ್ರಶ್ ಎಳೆತ ಅಂದರೆ ಒಂದು ಮರ. ಇನ್ನೊಂದು ಎಳೆತ ಅಂದರೆ ಆಚೆ ದಡ.

ನನ್ನ ಕಥೆ ಕೇಳಿ. ಶುರುವಿನಲ್ಲಿ ಇಂಥ ಪೆಟ್ಟಿಗೆ ನನ್ನ ಹತ್ತಿರ ಇರಲಿಲ್ಲ. ಒಂದು ಸಂಜೆ ಒಳ್ಳೆಯ ಮೋಡ ಬರೆದೆ. ಹಸಿ ಹಲಗೆಯ ಮೇಲೆ ನ್ಯೂಸ್‌ಪೇಪರ್ ಹಾಕಿ ಚೀಲಕ್ಕೆ ತುರುಕಿದೆ. ಮನೆಗೆ ಬಂದು ಬಿಡಿಸಿದರೆ ಆಕಾಶದ ತುಂಬ ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತು, ಅದೂ ಉಲ್ಟಾ. ಬಣ್ಣ ಕೆರೆದು ಹಲಗೆ ಉಳಿಸಿಕೊಂಡೆ. ಆವತ್ತು ಥಾಮ್ಸನ್ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ.

ಇನ್ನೊಂದು ವಿಷಯ ಗಮನಿಸಿ. ನಡುಬೇಸಿಗೆಯ ಸ್ಕೆಚ್‌ಗಳು ಅವನಲ್ಲಿ ತುಂಬ ಕಡಿಮೆ. ವಸಂತ ಮತ್ತು ಶರತ್ಕಾಲ ಜಾಸ್ತಿ. ಜುಲೈ ಹೊತ್ತಿಗೆ ಆ ಕಾಡು ಮೇಲಿಂದ ಕೆಳಗೆ ಒಂದೇ ಹಸಿರು. ಚಿತ್ರ ಬರೆಯುವವರಿಗೆ ಹಸಿರಿನಷ್ಟು ಕಾಟ ಕೊಡುವ ಬಣ್ಣ ಇನ್ನೊಂದಿಲ್ಲ. ಅವನು ಆ ತಿಂಗಳುಗಳಲ್ಲಿ ಮೀನು ಹಿಡಿಯಲು ಬರುವವರಿಗೆ ಗೈಡ್ ಆಗುತ್ತಿದ್ದ. 1916ರಲ್ಲಿ ಫೈರ್ ರೇಂಜರ್ ಆಗಿದ್ದ, ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಕೆಲಸ. ಎಲೆ ಕೆಂಪಾಗುವವರೆಗೆ ಕಾದು ಮತ್ತೆ ಪೆಟ್ಟಿಗೆ ತೆಗೆಯುತ್ತಿದ್ದ.

ಬೇಲಿಯಾಚೆ

ಎಲ್ಲ ಸರಿ. ಆದರೆ ಒಂದು ವಿಷಯಕ್ಕೆ ನನಗೆ ಯಾವಾಗಲೂ ಕಿರಿಕಿರಿ. ಥಾಮ್ಸನ್ ಅಂದ ತಕ್ಷಣ "ಮನುಷ್ಯರ ಕೈ ತಾಗದ ಕಾಡು" ಅಂತ ಶುರು ಮಾಡುತ್ತಾರೆ. ಯಾವ ಕಾಡು ಸ್ವಾಮಿ? ಅಲ್ಗಾಂಕ್ವಿನ್ ಪಾರ್ಕ್ ಆದದ್ದು 1893ರಲ್ಲಿ. ಅದಕ್ಕೂ ಮೊದಲು ದಶಕಗಟ್ಟಲೆ ಅಲ್ಲಿನ ದೊಡ್ಡ ಬಿಳಿ ಪೈನ್ ಮರಗಳನ್ನು ಕಡಿದು ನದಿಯಲ್ಲಿ ತೇಲಿಸಿ ಸಾಗಿಸಿದ್ದರು. ಪಾರ್ಕ್ ಆದ ಮೇಲೂ ಕಡಿಯುವುದು ನಿಲ್ಲಲಿಲ್ಲ. ಥಾಮ್ಸನ್ ಅಲ್ಲಿಗೆ ಹೋದದ್ದು ರೈಲಿನಲ್ಲಿ, ಆ ಹಳಿ ಹಾಕಿಸಿದ್ದೇ ಒಬ್ಬ ಟಿಂಬರ್ ದೊರೆ. ಅವನು ಉಳಿಯುತ್ತಿದ್ದ ಮೋವಟ್ ಅನ್ನುವ ಜಾಗ ಗಿಲ್ಮೋರ್ ಕಂಪನಿಯ ಸಾಮಿಲ್ ಊರು. ಕಂಪನಿ ದಿವಾಳಿಯಾಗಿ ಬಿಟ್ಟುಹೋದ ಮೇಲೆ ಉಳಿದ ಕಟ್ಟಡವೇ ಮೋವಟ್ ಲಾಡ್ಜ್. ಸುತ್ತ ಮರದ ಹೊಟ್ಟು, ಸಿಪ್ಪೆ, ಒಣಗಿದ ಬುಡಗಳು. ಕೆರೆಗಳಿಗೆ ಅಣೆಕಟ್ಟು ಕಟ್ಟಿ ನೀರು ಏರಿಸಿದ್ದರಿಂದ ದಡದ ಮರಗಳು ನಿಂತಲ್ಲೇ ಸತ್ತಿದ್ದವು.

ಇನ್ನು ಆ ನೆಲದಲ್ಲಿ ಮೊದಲಿಂದ ಬದುಕಿದ್ದ ಅಲ್ಗಾಂಕ್ವಿನ್ ಜನ ಅವನ ಚಿತ್ರದಲ್ಲಿ ಎಲ್ಲಿದ್ದಾರೆ? ಖಾಲಿ ಬಂಡೆ, ಖಾಲಿ ನೀರು, ಒಂದು ಒಂಟಿ ಮರ. ಇದೇ ಕೆನಡಾ ಅಂತ ದೇಶ ಒಪ್ಪಿಕೊಂಡಿತು. ಯಾರೂ ಇಲ್ಲದ ಜಾಗ ಅಂತ ತೋರಿಸಿದರೆ ಯಾರಿಂದ ಕಿತ್ತುಕೊಂಡದ್ದು ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಅಲ್ವಾ?

ಇದ್ದಿಲುಗೆರೆ

ಬೇಲಿಯಾಚೆ ಅವರೇ, ಮೊದಲ ಭಾಗ ಪೂರ್ತಿ ಒಪ್ಪುತ್ತೇನೆ. ಆದರೆ ತಪ್ಪು ಥಾಮ್ಸನ್‌ದಲ್ಲ, ಅವನನ್ನು ಕ್ಯಾಲೆಂಡರ್ ಮಾಡಿದವರದ್ದು. ಅವನು ಕಡಿದ ಕಾಡನ್ನು ಮುಚ್ಚಿಟ್ಟವನೇ ಅಲ್ಲ. ದಿ ಡ್ರೈವ್ ಅನ್ನುವ ಕ್ಯಾನ್ವಾಸ್ ನೋಡಿ: ಅಣೆಕಟ್ಟಿನ ಬಾಯಿಂದ ದಿಮ್ಮಿಗಳು ನುಗ್ಗುತ್ತಿವೆ, ಕೂಲಿಯವರು ಕೋಲು ಹಿಡಿದು ನಿಂತಿದ್ದಾರೆ. ದಿ ಪಾಯಿಂಟರ್ಸ್‌ನಲ್ಲಿ ದಿಮ್ಮಿ ಸಾಗಿಸುವವರ ಚೂಪುಮೂತಿಯ ದೋಣಿಗಳು. ಬಾಟೋ ಅನ್ನುವ ಸ್ಕೆಚ್‌ನಲ್ಲೂ ಅವೇ ದೋಣಿಗಳು. ಫೈರ್ ಸ್ವೆಪ್ಟ್ ಹಿಲ್ಸ್ ಅಂತ 1915ರ ಹಲಗೆ ಇದೆ, ಬೆಂಕಿಗೆ ಬೋಳಾದ ಗುಡ್ಡ. ಸುಟ್ಟು ನಿಂತ ಕೊರಡುಗಳು ಕಡ್ಡಿ ಗೀರಿದ ಹಾಗೆ. ಕೆಳಗೆ ಉರುಳಿದ ಕಲ್ಲುಮರಗಳ ರಾಶಿಯಲ್ಲಿ ಬಣ್ಣವನ್ನು ಎಷ್ಟು ದಪ್ಪ ಒತ್ತಿದ್ದಾನೆ ಅಂದರೆ ಕೈಯಿಂದ ಸವರಿದರೆ ಗಾಯವಾಗುತ್ತದೇನೋ ಅನಿಸುತ್ತದೆ. ಇದು ಸುಂದರ ಕಾಡಿನ ಚಿತ್ರವೇ ಅಲ್ಲ.

ಎರಡನೇ ಭಾಗಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಜನ ಅವನ ಚಿತ್ರದಲ್ಲಿ ಇಲ್ಲ, ನಿಜ.

ಬೇಲಿಯಾಚೆ

ಕ್ಯಾಲೆಂಡರ್ ಮಾಡಿದವರದ್ದು ಅನ್ನುವುದನ್ನು ಅರ್ಧ ಒಪ್ಪಿದೆ. ಇನ್ನರ್ಧ ನನ್ನ ಹತ್ತಿರವೇ ಇರಲಿ. ಫೈರ್ ಸ್ವೆಪ್ಟ್ ಹಿಲ್ಸ್ ಈಗ ಹುಡುಕಿ ನೋಡಿದೆ. ಅಬ್ಬಾ.

ಮಸಿಕುಡಿಕೆ

ನಾನು ಪ್ರಿಂಟಿಂಗ್, ಅಕ್ಷರದ ಕಡೆಯವನು. ಥಾಮ್ಸನ್‌ನನ್ನು ಕಾಡು ಬೆಳೆಸಿತು ಅಂತ ಎಲ್ಲರೂ ಹೇಳುತ್ತಾರೆ. ಆಫೀಸು ಬೆಳೆಸಿತು ಅಂತ ಯಾರೂ ಹೇಳುವುದಿಲ್ಲ. ಗ್ರಿಪ್‌ನಲ್ಲಿ ಆಗ ಯಾರ್ಯಾರಿದ್ದರು ನೋಡಿ: ಜೆ. ಇ. ಎಚ್. ಮೆಕ್‌ಡೊನಾಲ್ಡ್, ಆರ್ಥರ್ ಲಿಸ್ಮರ್, ಫ್ರೆಡ್ ವಾರ್ಲಿ, ಫ್ರಾಂಕ್ಲಿನ್ ಕಾರ್ಮೈಕಲ್, ಫ್ರಾಂಜ್ ಜಾನ್ಸ್ಟನ್. ಒಂದೇ ಕಂಪನಿಯಲ್ಲಿ, ಹೊಟ್ಟೆಪಾಡಿಗೆ ಕ್ಯಾಟಲಾಗು, ಪೋಸ್ಟರು ಮಾಡುತ್ತಿದ್ದವರು. ಶನಿವಾರ ಭಾನುವಾರ ಊರಾಚೆ ಹೋಗಿ ಸ್ಕೆಚ್ ಮಾಡುವ ಚಟ ಥಾಮ್ಸನ್‌ಗೆ ಹತ್ತಿದ್ದು ಇವರಿಂದ. ಕಲಾಶಾಲೆಯಲ್ಲಿ ಅವನು ಕಲಿತದ್ದು ತೀರ ಕಮ್ಮಿ. ಕಾಲೇಜು, ಗುರು, ಗೆಳೆಯರು ಎಲ್ಲವೂ ಈ ಆಫೀಸೇ.

ಜಾಹೀರಾತಿನ ಕೈ ಅವನ ಚಿತ್ರದಲ್ಲಿ ಕಾಣುತ್ತದೆ. ನಾರ್ದರ್ನ್ ರಿವರ್ (1915) ತೆಗೆದುಕೊಳ್ಳಿ. ಮುಂದೆ ಕಪ್ಪು ಮರಗಳ ಜಾಲರಿ, ಹಿಂದೆ ಹೊಳೆಯುವ ನದಿ ತಿರುವು. ಆ ಕಾಲದ ಆರ್ಟ್ ನುವೋ ಪೋಸ್ಟರ್‌ಗಳಲ್ಲಿ ಕೊಂಬೆ ಬಳ್ಳಿಗಳನ್ನು ಹೀಗೇ ಚೌಕಟ್ಟಿನ ತುಂಬ ಹೆಣೆಯುತ್ತಿದ್ದರು. ಇದನ್ನು ಕಾಡಿನಲ್ಲಿ ಕೂತು ಬರೆದಿಲ್ಲ, ಚಳಿಗಾಲದಲ್ಲಿ ಟೊರಾಂಟೊದಲ್ಲಿ ಬರೆದದ್ದು. ಅವನೇ ಇದನ್ನು ಜೌಗಿನ ಚಿತ್ರ ಅಂತ ಕರೆಯುತ್ತಿದ್ದ. ನ್ಯಾಷನಲ್ ಗ್ಯಾಲರಿ 500 ಡಾಲರ್ ಕೊಟ್ಟು ಕೊಂಡಿತು.

ಹಾಗಾಗಿ ಇದ್ದಿಲುಗೆರೆ ಅವರೇ, ಹಲಗೆ ಮಾತ್ರ ನಿಜ, ಕ್ಯಾನ್ವಾಸ್ ಸುಳ್ಳು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಹಲಗೆ ಅಂದರೆ ಅವನ ಕಣ್ಣು. ಕ್ಯಾನ್ವಾಸ್ ಅಂದರೆ ಹತ್ತು ವರ್ಷಕ್ಕೂ ಹೆಚ್ಚು ಅಕ್ಷರ ತಿದ್ದಿದ ಕೈ.

ನಿಧಾನನಡಿಗೆ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಹಾಗಾದರೆ ಗ್ರೂಪ್ ಆಫ್ ಸೆವೆನ್ ಅಂತಾರಲ್ಲ, ಅದರಲ್ಲಿ ಇವನೂ ಒಬ್ಬನಾ?

ಮಸಿಕುಡಿಕೆ

ಅಲ್ಲ. ಕೆನಡಾದ ಚಿತ್ರಕಾರರ ಆ ಗುಂಪು ಕಟ್ಟಿದ್ದು 1920ರಲ್ಲಿ, ಇವನು ಹೋಗಿ ಮೂರು ವರ್ಷದ ಮೇಲೆ. ಆದರೆ ಅವರೆಲ್ಲ ಇವನ ಗೆಳೆಯರೇ. ಗ್ರಿಪ್‌ನವರು ಐದು ಜನ, ಜೊತೆಗೆ ಲಾರೆನ್ ಹ್ಯಾರಿಸ್ ಮತ್ತು ಎ. ವೈ. ಜ್ಯಾಕ್ಸನ್. 1914ರ ಶರತ್ಕಾಲದಲ್ಲಿ ಜ್ಯಾಕ್ಸನ್, ಲಿಸ್ಮರ್, ವಾರ್ಲಿ ಮೂವರೂ ಥಾಮ್ಸನ್ ಜೊತೆ ಅಲ್ಗಾಂಕ್ವಿನ್‌ನಲ್ಲಿದ್ದರು. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು. ಹಾಗೆ ಎಲ್ಲರೂ ಒಟ್ಟಿಗೆ ಸೇರುವುದು ಆಮೇಲೆ ಆಗಲೇ ಇಲ್ಲ. ಗುಂಪಿಗೆ ಒಂದು ಖಾಲಿ ಕುರ್ಚಿ ಯಾವಾಗಲೂ ಇತ್ತು ಅಂದುಕೊಳ್ಳಿ.

ಒಣಗದಬಣ್ಣ

ಮಸಿಕುಡಿಕೆ ಅವರೇ, ನೀವು ಹೇಳಿದ್ದನ್ನು ಜ್ಯಾಕ್ ಪೈನ್‌ಗೇ ಹಚ್ಚಿ ನೋಡೋಣ. ಸ್ಕೆಚ್ ಮಾಡಿದ್ದು 1916ರಲ್ಲಿ, ಅಲ್ಗಾಂಕ್ವಿನ್‌ನ ಗ್ರ್ಯಾಂಡ್ ಲೇಕ್ ದಂಡೆಯಲ್ಲಿ, ಫೈರ್ ರೇಂಜರ್ ಆಗಿದ್ದ ವರ್ಷ. ಅದೂ ಅದೇ ಎ4ಗಿಂತ ಚಿಕ್ಕ ಹಲಗೆ. ಕ್ಯಾನ್ವಾಸ್ ಬರೆದದ್ದು ಆ ಚಳಿಗಾಲದಲ್ಲಿ: 127.9 ಸೆಂಟಿಮೀಟರ್ ಎತ್ತರ, 139.8 ಸೆಂಟಿಮೀಟರ್ ಅಗಲ. ವಿಸ್ತೀರ್ಣ ಲೆಕ್ಕ ಹಾಕಿದರೆ ಮೂವತ್ತು ಪಟ್ಟಿಗೂ ಜಾಸ್ತಿ. ಮರ ನಿಂತ ಜಾಗ, ಕೊಂಬೆ ಬಾಗಿದ ರೀತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಸ್ಕೆಚ್‌ನಲ್ಲಿ ಆಕಾಶ ಇಷ್ಟು ಶಾಂತವಾಗಿಲ್ಲ. ಕ್ಯಾನ್ವಾಸ್‌ನಲ್ಲಿ ಆಕಾಶವನ್ನೂ ನೀರನ್ನೂ ಅಗಲ ಬ್ರಶ್ಶಿನಲ್ಲಿ ಅಡ್ಡ ಅಡ್ಡ ಪಟ್ಟಿ ಎಳೆದು ಮಲಗಿಸಿದ್ದಾನೆ, ಗೋಡೆ ಕಟ್ಟಿದ ಹಾಗೆ. ಅದರ ಮುಂದೆ ಮರ ಒಂದೇ ಅಲುಗುತ್ತಿದೆ.

ಈಗ ಹತ್ತಿರ ಹೋಗಿ. ನಾನು ಒಟ್ಟಾವದ ನ್ಯಾಷನಲ್ ಗ್ಯಾಲರಿಯಲ್ಲಿ ಇದರ ಮುಂದೆ ನಿಂತಿದ್ದೆ. ದೂರದಿಂದ ಮರ ಕಡುಹಸಿರು, ಕಂದು. ಮೂರು ಹೆಜ್ಜೆ ಹತ್ತಿರ ಬಂದರೆ ಕೊಂಬೆಗಳ ಅಂಚಿನಲ್ಲಿ, ಎಲೆಗೊಂಚಲು ಮತ್ತು ಆಕಾಶದ ಸಂದಿಯಲ್ಲಿ ಕೆಂಪು ಇಣುಕುತ್ತದೆ. ಸಿಂಧೂರದ ಕೆಂಪು. ಅದು ಮೇಲೆ ಎಳೆದ ಗೆರೆಯಲ್ಲ, ಕೆಳಗಿನ ತಳಬಣ್ಣ. ಮೇಲಿನ ಬಣ್ಣಗಳನ್ನು ಒಂದಕ್ಕೊಂದು ಪೂರ್ತಿ ತಾಗಿಸದೆ ಕೂದಲೆಳೆಯಷ್ಟು ಜಾಗ ಬಿಟ್ಟಿದ್ದಾನೆ. ಆ ಸಂದಿಯಲ್ಲಿ ತಳದ ಕೆಂಪು ಉಳಿದಿದೆ. ತಣ್ಣಗಿನ ಸಂಜೆಯಲ್ಲೂ ಮರ ಒಳಗಿಂದ ಉರಿಯುತ್ತಿರುವ ಹಾಗೆ ಕಾಣುವುದು ಇದರಿಂದ. ಮೊಬೈಲಿನಲ್ಲಿ ಇದು ಕಾಣಿಸುವುದಿಲ್ಲ, ಹೋಗಿ ನೋಡಲೇಬೇಕು.

ಇನ್ನೊಂದು ತಮಾಷೆ. ಜ್ಯಾಕ್ ಪೈನ್ ಮರದ ಕಾಯಿ ಅಂಟಿನಿಂದ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಕಾಡಿಗೆ ಬೆಂಕಿ ಬಿದ್ದು ಕಾವು ತಾಗಿದಾಗ ಬಾಯಿ ಬಿಟ್ಟು ಬೀಜ ಉದುರಿಸುತ್ತದೆ. ಬೆಂಕಿ ಕಾಯುವ ಕೆಲಸದವನು ಬೆಂಕಿ ಬೇಡುವ ಮರವನ್ನು ಬರೆದ, ಅದರೊಳಗೆ ಕೆಂಪು ಇಟ್ಟ. ಅವನು ಬೇಕಂತಲೇ ಮಾಡಿದ ಅಂತ ನಾನು ಹೇಳುತ್ತಿಲ್ಲ. ಕಾಡಿನಲ್ಲಿ ಅಷ್ಟು ದಿನ ಇದ್ದವನಿಗೆ ಕಾಯಿಯ ವಿಷಯ ಗೊತ್ತಿಲ್ಲದೆ ಇರುತ್ತದಾ ಅಂತ ಸುಮ್ನೆ ಯೋಚನೆ.

ಇದ್ದಿಲುಗೆರೆ

ಕೆಂಪಿನ ವಿಷಯಕ್ಕೆ ನನ್ನ ವಾದ ಸ್ವಲ್ಪ ಸಡಿಲವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಸ್ವಲ್ಪ ಮಾತ್ರ.

ಆದರೆ ಹಲಗೆಗಳಲ್ಲೂ ಇದೇ ಆಟ ಇದೆ, ಇನ್ನೂ ಬಿಚ್ಚಾಗಿ. ಅಲ್ಲಿ ತಳಬಣ್ಣವೂ ಇಲ್ಲದೆ ಎಷ್ಟೋ ಕಡೆ ಮರವನ್ನೇ ಹಾಗೇ ಬಿಟ್ಟಿದ್ದಾನೆ. ಎರಡು ಬ್ರಶ್ ಎಳೆತಗಳ ನಡುವೆ ಹಲಗೆಯ ಕಂದು ಬಣ್ಣವೇ ದಡ, ಅದೇ ಒಣ ಹುಲ್ಲು. ಮೊದಲ ವರ್ಷ ಹೀಗಿರಲಿಲ್ಲ. 1912ರ ಸ್ಕೆಚ್‌ಗಳು ಮಂಕು, ಕೆಸರು ಬಣ್ಣ, ಕೈ ಬಿಗಿ. ದೂರದ ದಡ ಒಂದು ಪಟ್ಟಿ, ನೀರು ಒಂದು ಪಟ್ಟಿ, ಆಕಾಶ ಒಂದು ಪಟ್ಟಿ, ಅಷ್ಟೇ. ಎರಡೇ ವರ್ಷಕ್ಕೆ, 1914ರಲ್ಲಿ, ಅದೇ ಕೈ ಕಿತ್ತಳೆ, ಕಡುಗೆಂಪು ಹಚ್ಚಲು ಹೆದರುವುದನ್ನು ಬಿಟ್ಟಿದೆ. ಜ್ಯಾಕ್ಸನ್ ಜೊತೆ ಇದ್ದದ್ದು ಇದಕ್ಕೆ ದೊಡ್ಡ ಕಾರಣ. ಅವರು ಯುರೋಪಿನಲ್ಲಿ ಕಲಿತು ಬಂದಿದ್ದರು, ಬಣ್ಣಗಳನ್ನು ಕಲಸದೆ ಪಕ್ಕಪಕ್ಕ ಇಡುವುದು ಅವರಿಗೆ ಗೊತ್ತಿತ್ತು.

ನಿಧಾನನಡಿಗೆ

ದುಡ್ಡಿಗೆ ಏನು ಮಾಡುತ್ತಿದ್ದ? ಆಫೀಸು ಬಿಟ್ಟ ಮೇಲೆ?

ಮಸಿಕುಡಿಕೆ

ಒಬ್ಬ ಡಾಕ್ಟರ್ ಸಿಕ್ಕಿದರು. ಜೇಮ್ಸ್ ಮೆಕ್‌ಕ್ಯಾಲಮ್, ಟೊರಾಂಟೊದ ಕಣ್ಣಿನ ಡಾಕ್ಟರ್. ಒಂದು ವರ್ಷದ ಖರ್ಚು ನಾನು ನೋಡಿಕೊಳ್ಳುತ್ತೇನೆ, ನೀನು ಬರೀ ಚಿತ್ರ ಬರಿ ಅಂದರು. ಜ್ಯಾಕ್ಸನ್‌ಗೂ ಇದೇ ಮಾತು ಕೊಟ್ಟಿದ್ದರು. 1913ರಲ್ಲಿ ನಾರ್ದರ್ನ್ ಲೇಕ್ ಅನ್ನುವ ಚಿತ್ರವನ್ನು ಒಂಟಾರಿಯೊ ಸರ್ಕಾರ 250 ಡಾಲರ್‌ಗೆ ಕೊಂಡಿತ್ತು, ಅದರಿಂದಲೂ ಧೈರ್ಯ ಬಂದಿರಬೇಕು. 1914ರಲ್ಲಿ ಹ್ಯಾರಿಸ್ ಮತ್ತು ಇದೇ ಡಾಕ್ಟರ್ ಸೇರಿ ಟೊರಾಂಟೊದಲ್ಲಿ ಕಲಾವಿದರಿಗೆ ಅಂತಲೇ ಸ್ಟುಡಿಯೊ ಬಿಲ್ಡಿಂಗ್ ಕಟ್ಟಿಸಿದರು. ಅದರಲ್ಲಿ ಪಾಲು ಬಾಡಿಗೆಯೂ ಜಾಸ್ತಿ ಅನಿಸಿ ಥಾಮ್ಸನ್ ಹಿತ್ತಲಿನ ಒಂದು ಶೆಡ್ಡಿಗೆ ಹೋದ. ತಿಂಗಳಿಗೆ ಒಂದು ಡಾಲರ್ ಬಾಡಿಗೆ. ಜ್ಯಾಕ್ ಪೈನ್, ವೆಸ್ಟ್ ವಿಂಡ್ ಎರಡೂ ಹುಟ್ಟಿದ್ದು ಆ ಶೆಡ್ಡಿನಲ್ಲಿ. ಈಗ ಅದನ್ನು ಕ್ಲೈನ್‌ಬರ್ಗ್‌ನ ಮೆಕ್‌ಮೈಕಲ್ ಸಂಗ್ರಹಾಲಯದ ಅಂಗಳಕ್ಕೆ ತಂದು ನಿಲ್ಲಿಸಿದ್ದಾರೆ.

2009ರಲ್ಲಿ ಅವನ ಒಂದು ಹಲಗೆ, ಅರ್ಲಿ ಸ್ಪ್ರಿಂಗ್, ಕನೂ ಲೇಕ್, ಹರಾಜಿನಲ್ಲಿ 27 ಲಕ್ಷ ಕೆನಡಾ ಡಾಲರ್ ದಾಟಿತು. ಬದುಕಿದ್ದಾಗ ಯಾರಾದರೂ ಚೆನ್ನಾಗಿದೆ ಅಂದರೆ ಸ್ಕೆಚ್ಚನ್ನು ಎತ್ತಿ ಕೊಟ್ಟುಬಿಡುತ್ತಿದ್ದವನು.

ಬೇಲಿಯಾಚೆ

ಹರಾಜಿನ ಮಾತು ಬಂತು ಅಂತ ಕೇಳುತ್ತೇನೆ. ಎಷ್ಟೊಂದು ಹಲಗೆಗಳ ಮೇಲೆ 1917 ಅಂತ ಇರುತ್ತದಲ್ಲ? ಅಷ್ಟನ್ನೂ ಅದೇ ವರ್ಷ ಬರೆದನಾ?

ಮಸಿಕುಡಿಕೆ

ಇದು ನನ್ನ ಇಷ್ಟದ ವಿಷಯ. ಅದು ಬರೆದ ವರ್ಷವಲ್ಲ. ಥಾಮ್ಸನ್ ಹೆಚ್ಚಿನ ಸ್ಕೆಚ್‌ಗಳಿಗೆ ಸಹಿ ಹಾಕುತ್ತಿರಲಿಲ್ಲ, ಹೆಸರು ಇಡುತ್ತಿರಲಿಲ್ಲ, ತಾರೀಕು ಬರೆಯುತ್ತಿರಲಿಲ್ಲ. ಸತ್ತ ಮೇಲೆ ಶೆಡ್ಡಿನ ತುಂಬ ಹಲಗೆಗಳು. ಮೆಕ್‌ಡೊನಾಲ್ಡ್ ಒಂದು ಮುದ್ರೆ ವಿನ್ಯಾಸ ಮಾಡಿದರು: ಎರಡು ಟಿ ಅಕ್ಷರ, ಕೆಳಗೆ 1917. ಉಳಿದ ಹಲಗೆಗಳಿಗೆ ಅದನ್ನು ಒತ್ತಿದರು. ಕಮರ್ಷಿಯಲ್ ಆರ್ಟ್ ಆಫೀಸಿನ ಗೆಳೆಯನಿಗೆ ಅದೇ ಆಫೀಸಿನ ಇನ್ನೊಬ್ಬ ಗೆಳೆಯ ಮಾಡಿದ ಕೊನೆಯ ಲೋಗೊ ಅಂತ ನಾನು ಅಂದುಕೊಳ್ಳುತ್ತೇನೆ. ಒಳ್ಳೆಯ ಅಕ್ಷರ ಕೂಡ. ಆದರೆ ಅದರಿಂದ ಕಾಲ ಗುರುತಿಸುವವರಿಗೆ ತಲೆನೋವು. ನಮಗೆ ಗೊತ್ತಿರುವ ಹೆಸರುಗಳಲ್ಲೂ ಹೆಚ್ಚಿನವು ಬೇರೆಯವರು ಇಟ್ಟದ್ದೇ.

ಹುಟ್ಟುಗೋಲು

ನಾನು ಸುಮ್ಮನಿದ್ದೆ, ಓದುತ್ತಿದ್ದೆ. ಈಗ ಒಂದು ಮಾತು, ಬೈಯಬೇಡಿ. ಇದು ಸಾವಿನ ಮಾತಲ್ಲ, ದೋಣಿಯ ಮಾತು.

ನಾನು ಕನೂ ನಡೆಸುವವನು. ಅವನು ತನ್ನ ದೋಣಿಗೆ ಬಣ್ಣ ಹಚ್ಚುವಾಗ ಬೂದುಬಣ್ಣದ ಡಬ್ಬಕ್ಕೆ ಚಿತ್ರ ಬರೆಯುವ ದುಬಾರಿ ಕೋಬಾಲ್ಟ್ ನೀಲಿಯ ಟ್ಯೂಬನ್ನೇ ಹಿಂಡಿದ ಅಂತ ಹೇಳುತ್ತಾರೆ, ಬೇಕಾದ ಛಾಯೆ ಬರಲಿ ಅಂತ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕಥೆಯಿಂದ. ಮತ್ತೆ ಎಲ್ಲರೂ ಹೇಳುವ ವಾದ ಇದೆಯಲ್ಲ, ಅಂಥ ಪಳಗಿದ ಕೈ ಶಾಂತ ಕೆರೆಯಲ್ಲಿ ಮುಳುಗಲು ಸಾಧ್ಯವೇ ಇಲ್ಲ ಅಂತ. ನಾನೂ ಹಾಗೇ ನಂಬಿದ್ದೆ.

ಒಣಗದಬಣ್ಣ

ಹುಟ್ಟುಗೋಲು ಅವರೇ, 1912 ನೆನಪಿಸಿಕೊಳ್ಳಿ. ಆ ಬೇಸಿಗೆಯಲ್ಲಿ ಅವನು ಗೆಳೆಯ ಬ್ರಾಡ್‌ಹೆಡ್ ಜೊತೆ ಮಿಸ್ಸಿಸ್ಸಾಗಿ ಕಾಡಿನಲ್ಲಿ ಕೆಲವು ವಾರ ದೋಣಿಯಲ್ಲಿ ಸುತ್ತಿದ್ದ. ದೋಣಿ ಮಗುಚಿತು. ತೆಗೆದ ಫೋಟೊಗಳು, ಸ್ಕೆಚ್‌ಗಳು ಹೆಚ್ಚಿನವು ನೀರು ಪಾಲು. ಇವತ್ತು ನಮಗೆ 1912ರ ಕೆಲಸ ಅಷ್ಟು ಕಡಿಮೆ ಸಿಗುವುದಕ್ಕೆ ಅದೂ ಒಂದು ಕಾರಣ. ಎಂಥ ಪಳಗಿದ ಕೈಗೂ ದೋಣಿ ಮಗುಚುತ್ತದೆ.

ಹುಟ್ಟುಗೋಲು

ಇದು ಓದಿದ್ದೆ, ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಕಳೆದುಹೋದದ್ದು ಚಿತ್ರಗಳು ಅಂತ ಮಾತ್ರ ನೆನಪಿತ್ತು, ಮಗುಚಿದ್ದು ದೋಣಿ ಅಂತ ಅಲ್ಲ. ನಾನೇ ಎರಡು ಸಲ ಮಗುಚಿ ಬಿದ್ದಿದ್ದೇನೆ. ಒಂದು ಸಲ ದಡದಿಂದ ಐದು ಅಡಿ ದೂರದಲ್ಲಿ, ಯಾರೂ ನೋಡಲಿಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಸರಿ, ಕೊಲೆಯ ಫೈಲು ಮುಚ್ಚಿದೆ. ಈ ತಿಂಗಳಿಗೆ.

ಮುಂದಿನ ವಾರ ಕೆಲಸದ ಮೇಲೆ ಟೊರಾಂಟೊ, ಆಮೇಲೆ ಒಟ್ಟಾವ. ಏನು ನೋಡಲಿ ಹೇಳಿ.

ಇದ್ದಿಲುಗೆರೆ

ಟೊರಾಂಟೊದಲ್ಲಿ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊ. ವೆಸ್ಟ್ ವಿಂಡ್ ಅಲ್ಲಿದೆ, ಫೈರ್ ಸ್ವೆಪ್ಟ್ ಹಿಲ್ಸ್ ಕೂಡ ಅವರದ್ದೇ. ಒಟ್ಟಾವದಲ್ಲಿ ನ್ಯಾಷನಲ್ ಗ್ಯಾಲರಿ, ಮೆಕ್‌ಕ್ಯಾಲಮ್ ಡಾಕ್ಟರ್ ತಮ್ಮ ಸಂಗ್ರಹವನ್ನು ಅವರಿಗೇ ಬರೆದಿಟ್ಟಿದ್ದರಿಂದ ಹಲಗೆಗಳ ರಾಶಿ ಅಲ್ಲಿದೆ. ಎಲ್ಲವನ್ನೂ ಒಟ್ಟಿಗೆ ಗೋಡೆಗೆ ಹಾಕಿರುವುದಿಲ್ಲ, ಇದ್ದಷ್ಟು ನೋಡಿ.

ಒಂದು ಕೋರಿಕೆ. ಮೊದಲೇ ಜ್ಯಾಕ್ ಪೈನ್ ಮುಂದೆ ಹೋಗಿ ನಿಲ್ಲಬೇಡಿ. ಹಲಗೆಗಳಿಂದ ಶುರು ಮಾಡಿ. 1917ರ ವಸಂತದವು ಸಿಕ್ಕರೆ ಬಿಡಬೇಡಿ. ಆ ವರ್ಷ ಮಾರ್ಚ್ ಏಪ್ರಿಲ್‌ನಿಂದ ಹಿಮ ಕರಗುವುದನ್ನು ದಿನಕ್ಕೊಂದು ಹಲಗೆಯಂತೆ ಬರೆಯುತ್ತಾ ಹೋದ ಅಂತ ಪಾರ್ಕ್ ರೇಂಜರ್ ಮಾರ್ಕ್ ರಾಬಿನ್ಸನ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಡೈರಿ ಬರೆದ ಹಾಗೆ. ಕೆಲವು ಎಷ್ಟು ಅವಸರದ್ದು ಅಂದರೆ ಹಿಮ ಅಂದರೆ ನಾಲ್ಕು ಬಿಳಿ ಎಳೆತ, ಮಂಜುಗಡ್ಡೆ ಒಡೆದ ನೀರು ಅಂದರೆ ಒಂದು ನೀಲಿ ಎಳೆತ.

ಹುಟ್ಟುಗೋಲು

ಹೋಗಿ ಬಂದೆ. ಹೇಳಿದ ಹಾಗೇ ಹಲಗೆಗಳಿಂದ ಶುರು ಮಾಡಿದೆ. ಜ್ಯಾಕ್ ಪೈನ್‌ಗೆ ಕೊನೆಗೆ ಉಳಿದದ್ದು ಹತ್ತೇ ನಿಮಿಷ, ಕೆಂಪು ಕಂಡಿತು.

ಒಂದು ಹಲಗೆ ಇತ್ತು, ಹೆಸರು ಬರೆದುಕೊಳ್ಳಲು ಮರೆತೆ. ಕರಗುತ್ತಿರುವ ಹಿಮ, ಆಚೆ ದಡ, ನಡುವೆ ಕಪ್ಪು ನೀರು. ದಡದಲ್ಲಿ ಒಣ ಹುಲ್ಲು ಅಂತ ನಾನು ಅಂದುಕೊಂಡದ್ದು ಹುಲ್ಲೇ ಅಲ್ಲ, ಬಣ್ಣವೇ ಇಲ್ಲ ಅಲ್ಲಿ. ಬರೀ ಮರ. ಹಲಗೆಯ ನಾರು ಕಾಣುತ್ತಿತ್ತು. ಸರಿಯಾಗಿ ನೋಡೋಣ ಅಂತ ಮೂಗು ಹತ್ತಿರ ತಂದೆ. ಗ್ಯಾಲರಿ ಗಾರ್ಡ್ ಬಂದು, ಸ್ವಲ್ಪ ಹಿಂದೆ ನಿಲ್ಲಿ ಸರ್ ಅಂದರು. ಎರಡು ಸಲ.